ಕಂಬಳಿಯ ಟೋಪಿಗೆ ನಾನು ಕೊಟ್ಟ ತೀರ್ಪು

ಮಹಾಲಯ ಅಮಾವಾಸ್ಯೆಗೆ ಮೂರು ದಿನ ಮೊದಲು ಮೈಸೂರಿನ ಗೆಳೆಯರೊಬ್ಬರು ನನ್ನ ಮೊಬೈಲಿಗೆ ಒಂದು ಫೋಟೊ ಕಳಿಸಿದರು. ಜರ್ಮನ್ ಸಿಪಾಯಿಯ ಹಳೆಯ ಟೋಪಿ: ನೆತ್ತಿಯ ಮೇಲೆ ಲೋಹದ ಮೊನೆ, ಹಣೆಯ ಮೇಲೆ ರೆಕ್ಕೆ ಬಿಚ್ಚಿದ ಹದ್ದು. ಕೆಳಗೆ ಬರೆದಿದ್ದರು: 'ಇದು ಚರ್ಮದ್ದಲ್ಲ, ಉಣ್ಣೆಯದು. ಆದರೂ ಅಸಲಿ. ಯುದ್ಧಕಾಲದಲ್ಲಿ ಚರ್ಮ ಸಾಲದೆ ಹೀಗೂ ಮಾಡಿದರಂತೆ.' ಓದುತ್ತಾ ಓದುತ್ತಾ ನನ್ನ ಕಾಫಿ ಆರಿಹೋಯಿತು. ಹೊನ್ನೂರಿನ ಪುಟ್ಟಮಾದಪ್ಪನವರ ಮುಖ ಕಣ್ಣೆದುರು ಬಂತು.

ಕೊಳ್ಳೇಗಾಲದ ಪಾತ್ರೆ ಅಂಗಡಿಯವನಿಗೆ ಜರ್ಮನ್ ಟೋಪಿಯ ಹುಚ್ಚು ಹೇಗೆ ಹಿಡಿಯಿತೆಂದು ನೀವು ಕೇಳಬಹುದು. ನನ್ನ ಹೆಂಡತಿ ಇಂದಿಗೂ ಕೇಳುತ್ತಾಳೆ. ಹನೂರಿನವರೊಬ್ಬರು ಹೊಸ ಕೊಳದಪ್ಪಲೆಗೆ ಬದಲಾಗಿ ತಂದ ಹಳೇ ಹಿತ್ತಾಳೆಯ ಮೂಟೆಯಲ್ಲಿ ಮೊದಲನೆಯದು ಸಿಕ್ಕಿತು. ಮೊನೆಯನ್ನು ದೀಪದ ಕಂಬದ ತುದಿಯೆಂದೇ ತಿಳಿದು ತಕ್ಕಡಿಗೆ ಹಾಕಿದ್ದೆ. ಆಮೇಲೆ ಕೇಳಿ, ಓದಿ, ಹುಡುಕಿ, ಅಲ್ಲಿ ಇಲ್ಲಿ ಕೊಂಡು ಆರು ಮಾಡಿದ್ದೇನೆ. ಅದರಲ್ಲೊಂದರಲ್ಲಿ ನಮ್ಮ ಮನೆಯಾಕೆ ಬಹಳ ಕಾಲ ಬೆಳ್ಳುಳ್ಳಿ ತುಂಬಿಟ್ಟಿದ್ದಳು.

ಟೋಪಿ ಕೈಗೆ ಬಂದರೆ ನಾನು ಮೊದಲು ತೂಗಿ, ಮೂಸಿ, ಆಮೇಲೆ ನೋಡುತ್ತೇನೆ. ಮೊನೆಯ ಜಾಗದಲ್ಲಿ ಗುಂಡು ಇದ್ದರೆ ಫಿರಂಗಿ ಪಡೆಯವನದು. ಹದ್ದಿನ ತಗಡನ್ನು ಒಳಗಿನಿಂದ ಹೇಗೆ ಬಿಗಿದಿದ್ದಾರೆ, ಹಿಂಬದಿಯ ಅಂಚಿನಡಿ ಪಡೆಯ ಮುದ್ರೆ ಇದೆಯೇ ಎಂದು ನೋಡಿದರೆ ಮುಗಿಯಿತು. ಈ ವಿದ್ಯೆಯಲ್ಲಿ ನನ್ನನ್ನು ಹಿಡಿಯುವವರು ಈ ಮೂರು ತಾಲ್ಲೂಕಿನಲ್ಲಿಲ್ಲ. ಇದರಲ್ಲಿ ಕೈಹಾಕಿದವರೇ ಬೇರೆ ಯಾರೂ ಇಲ್ಲ ಎನ್ನುವುದನ್ನು ನಾನಾಗಿ ಯಾರಿಗೂ ಹೇಳುವುದಿಲ್ಲ.

ಇಪ್ಪತ್ತು ವರ್ಷದ ಹಿಂದೆ ಪುಟ್ಟಮಾದಪ್ಪನವರು ತಮ್ಮ ಮನೆಯ ಟೋಪಿ ನೋಡಲು ನನ್ನನ್ನು ಕರೆಸಿದರು. ಅವರ ಅಪ್ಪ ಮೊದಲ ಮಹಾಯುದ್ಧಕ್ಕೆ ಮೈಸೂರಿನ ಕುದುರೆ ಪಡೆಯಲ್ಲಿ ಹೋಗಿದ್ದವರು. ಅಲ್ಲಿ ಯಾರೋ ಬಿಳಿ ಸಿಪಾಯಿಗೆ ಹೊಗೆಸೊಪ್ಪು ಕೊಟ್ಟು ಅದನ್ನು ಪಡೆದಿದ್ದರಂತೆ. ಹಿರಿಯರ ಹಬ್ಬದಲ್ಲಿ ಎಡೆ ಇಡುವಾಗ ಅಪ್ಪನ ಪಂಚೆಯ ಪಕ್ಕ ಅದನ್ನೂ ಇಡುತ್ತಿದ್ದರು. ಹದ್ದನ್ನು ಗರುಡನೆಂದುಕೊಂಡು ವರ್ಷವರ್ಷವೂ ಹುಣಸೆಹಣ್ಣಿನಲ್ಲಿ ತಿಕ್ಕಿ ತಿಕ್ಕಿ ರೆಕ್ಕೆಯ ಗರಿಗಳೆಲ್ಲ ಸವೆದಿದ್ದವು. ಜಗಲಿಯಲ್ಲಿ ಅಕ್ಕಪಕ್ಕದವರು ತುಂಬಿದ್ದರು. ನಾನು ಬೆರಳಿನಲ್ಲಿ ಒತ್ತಿ ನೋಡಿದೆ. ಕಂಬಳಿಯ ಹಾಗೆ ಮೆತ್ತಗಿತ್ತು.

"ಇದು ಚರ್ಮವಲ್ಲ, ನಾಟಕದ ಕಂಪನಿಯ ಟೋಪಿ," ಎಂದೆ.

"ಅಲ್ಲೂ ಚರ್ಮ ಸಿಕ್ದೆ ಓಗಿತ್ತಂತೆ ಸಾ. ನಮ್ಮಪ್ಪ ಏಳ್ತಿದ್ರು," ಎಂದರು ಪುಟ್ಟಮಾದಪ್ಪ.

"ಅಂಥಾ ಜರ್ಮನಿಗೆ ಚರ್ಮಕ್ಕೆ ಗತಿ ಇರಲಿಲ್ಲವೇ?" ಎಂದು ನಕ್ಕೆ. ಜಗಲಿಯವರೂ ನಕ್ಕರು. ಅಂಚನ್ನು ಮಡಿಸಿ ಮುದ್ರೆ ಹುಡುಕುವ ತೊಂದರೆಯನ್ನೂ ನಾನು ತೆಗೆದುಕೊಳ್ಳಲಿಲ್ಲ.

ಉತ್ತರವನ್ನು ಅವರೇ ನನ್ನ ಕೈಗೆ ಕೊಟ್ಟಿದ್ದರು. ಆ ಫೋಟೊ ನೋಡಿದ ಮೇಲೆ ನಾಚಿಕೆಯಿಂದ ಎರಡು ದಿನ ಅಂಗಡಿಯಲ್ಲಿ ಸರಿಯಾಗಿ ಕೂರಲಾಗಲಿಲ್ಲ. ಮೂರನೆಯ ದಿನ ಅಮಾವಾಸ್ಯೆ, ಹಿರಿಯರ ಹಬ್ಬ. ಯಳಂದೂರಿನ ಬಸ್ಸು ಹತ್ತಿ, ಅಲ್ಲಿಂದ ಆಟೋ ಹಿಡಿದು ಹೊನ್ನೂರಿಗೆ ಹೋದೆ. ಪುಟ್ಟಮಾದಪ್ಪನವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವರ ಮಗಳು ಮಾದೇವಮ್ಮ ಎಡೆಗೆ ಅಣಿಮಾಡುತ್ತಿದ್ದರು.

"ಟೋಪಿ ಇದೆಯೇನಮ್ಮ?" ಎಂದೆ.

"ಅಟ್ಟದ್ ಮ್ಯಾಲದೆ ಸಾ. ನೀವು ಅಂಗೇಳಿದ್ಮೇಲೆ ನಮ್ಮಪ್ಪ ಅದ್ನ ಎಡೆಗೆ ಮಡಗ್ನಿಲ್ಲ. ತಾತ ಸುಳ್ಳೇಳ್ಬುಟ್ಟ ಅಂತ ಕೊರಗ್ತಿದ್ರು. ಯುದ್ಧದ್ ಮಾತೇ ಎತ್ತ್‌ತಿರ್ನಿಲ್ಲ."

ಇಳಿಸಿ ಕೊಟ್ಟರು. ಬೇವಿನ ಸೊಪ್ಪು ಸುತ್ತಿಟ್ಟಿದ್ದರಿಂದ ನುಸಿ ತಿಂದಿರಲಿಲ್ಲ. ಬಾಗಿಲ ಬೆಳಕಿಗೆ ಹಿಡಿದು ಹಿಂಬದಿಯ ಅಂಚು ಸರಿಸಿದೆ. ಮಸುಕಾದ ಮುದ್ರೆ, ಅದರ ಮುಂದೆ ಪಡೆಯ ಅಂಕಿ. ತಗಡಿನ ಬಿಗಿತವೂ ಆ ಕಾಲದ್ದೇ. ಈ ಸಲ ಸಂಶಯಕ್ಕೆ ಎಡೆಯೇ ಇರಲಿಲ್ಲ.

"ಅಸಲಿ ಕಣಮ್ಮ. ನಾನು ತಪ್ಪು ಹೇಳಿದ್ದೆ. ನಿಮ್ಮ ತಾತ ಹೇಳಿದ್ದೆಲ್ಲ ನಿಜ."

ಮಾದೇವಮ್ಮ ಟೋಪಿಯನ್ನು ಸೆರಗಿನಿಂದ ಒರೆಸಿದರು. ಅತ್ತಾರೆಂದುಕೊಂಡೆ, ಅಳಲಿಲ್ಲ. ಒಳಗೆ ಎರಡು ಜೊತೆ ಹೊಸ ಪಂಚೆ ಮಡಿಸಿಟ್ಟಿದ್ದರು, ತಾತನಿಗೊಂದು, ಅಪ್ಪನಿಗೊಂದು. ಅವುಗಳ ನಡುವೆ ಟೋಪಿ ಇಟ್ಟು ಸಾಂಬ್ರಾಣಿ ಹಾಕಿದರು.

"ನನ್ಗೇಳಿ ಏನ್ ಬಂತು ಸಾ? ಇಬ್ರೂ ಇಲ್ಲೇ ಕುಂತವ್ರೆ. ಅವ್ರ್‌ಗೇಳಿ."

ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೈಮುಗಿದು ನಿಂತೆ. ಗಿರಾಕಿಗಳ ಮುಂದೆ ದಿನವಿಡೀ ಆಡುವ ಬಾಯಿ ಅಲ್ಲಿ ತಡವರಿಸಿತು.

"ಪುಟ್ಟಮಾದಪ್ಪನವರೇ, ಟೋಪಿ ಅಸಲಿ. ನಿಮ್ಮಪ್ಪ ಸುಳ್ಳು ಹೇಳಿಲ್ಲ. ತಿಳಿಯದೆ ಮಾತಾಡಿದವನು ನಾನು," ಎಂದೆ ಮೆಲ್ಲಗೆ.

ಹಿಂದಿನಿಂದ ಮಾದೇವಮ್ಮ ಹೇಳಿದರು: "ಇನ್ನೊಸಿ ಜೋರಾಗೇಳಿ ಸಾ. ನಮ್ಮಪ್ಪನ್ಗೆ ಕಿವಿ ಮಂದ."

ಇನ್ನೊಮ್ಮೆ ಹೇಳಿದೆ, ಜಗಲಿಯಾಚೆಯ ಬೀದಿಗೂ ಕೇಳುವ ಹಾಗೆ.