ಮಾಬುಸಾಬರು ಮಾರದ ಜೀಪು

ಮಾರಲಿಕ್ಕಿಟ್ಟ ಗಾಡಿಯ ಐಬನ್ನು ತಾವೇ ಮೊದಲು ಹೇಳುವವರಲ್ಲಿ ನಾನು ಕಂಡದ್ದು ಒಬ್ಬರನ್ನೇ. ಹರಪನಹಳ್ಳಿಯ ಬಸ್ ನಿಲ್ದಾಣದ ಹಿಂದೆ ಗ್ಯಾರೇಜು ಇಟ್ಟಿದ್ದ ಮಾಬುಸಾಬರು. ಕಿವಿಯ ಮೇಲೊಂದು ಬೀಡಿ, ಹೆಗಲ ಮೇಲೆ ಗ್ರೀಸು ಮೆತ್ತಿದ ಟವೆಲು. ಎಂಜಿನ್ನಿಗೆ ಕೈ ಹಾಕುವ ಮುನ್ನ ಎಮ್ಮೆಯ ಬೆನ್ನು ತಟ್ಟಿದಂತೆ ಬಾನೆಟ್ಟನ್ನು ತಟ್ಟುತ್ತಿದ್ದರು. ಗಿರಾಕಿ ಅವಸರ ಮಾಡಿದರೆ, "ಗಾಡಿಗೆ ಬಾಯಿ ಇಲ್ರಿ, ಹೇಳಾಕ ಹೊತ್ತು ಬೇಕು" ಎನ್ನುವರು.

ಎಂಬತ್ತರ ದಶಕದ ಮೊದಲ ವರ್ಷಗಳು. ನನ್ನ ಅಪ್ಪ ದನದ ಡಾಕ್ಟರು. ಕುರಿಹಟ್ಟಿಗಳಿಗೆ ಹೋಗಲು ನಾಲ್ಕೂ ಗಾಲಿ ಎಳೆಯುವ ಗಾಡಿಯೇ ಬೇಕೆಂದು ಅವರ ಹಟ. ಅಮ್ಮನಿಗೆ ಬೇಕಾದದ್ದು ಬೇರೆ. ಚಕ್ಕಡಿಯಿಂದ ಬಿದ್ದು ಅವಳ ಸೊಂಟ ಕೆಟ್ಟಿತ್ತು. ಬಸ್ಸಿನ ಕುಲುಕಾಟ ತಾಳಲಾರದೆ ನಾಲ್ಕು ವರ್ಷದಿಂದ ತಂಬ್ರಹಳ್ಳಿಯ ತವರಿಗೆ ಹೋಗಿರಲಿಲ್ಲ. ಅದನ್ನು ಅವಳು ಯಾರ ಮುಂದೆಯೂ ಆಡುತ್ತಿರಲಿಲ್ಲ.

ಆಗ ಸಿಕ್ಕಿದ್ದು ಎರಡೇ ಹಳೆಯ ಗಾಡಿ. ಒಂದು ಮಾಬುಸಾಬರದೇ ಜೀಪು. ಅದನ್ನು ಮಾರಿ ಗ್ಯಾರೇಜಿಗೆ ಕಬ್ಬಿಣ ಕಡೆಯುವ ಲೇತ್ ಯಂತ್ರ ತರುವ ಆಸೆ ಅವರಿಗೆ. ಇನ್ನೊಂದು, ಕೊಟ್ಟೂರಿನ ವ್ಯಾಪಾರಿಯೊಬ್ಬರು ಮಿಲಿಟರಿ ಹರಾಜಿನಲ್ಲಿ ತಂದಿದ್ದ ಜೋಂಗಾ, ಜೀಪಿಗಿಂತ ಉದ್ದದ, ಭಾರದ ಸೇನೆಯ ಗಾಡಿ.

"ಬರೇ ಮಾತು ಬ್ಯಾಡ್ರಿ ಡಾಕ್ಟರ್ ಸಾಹೇಬ್ರ, ಎರಡೂ ಓಡಿಸಿ ನೋಡೋಣು. ಅಮ್ಮಾರೂ ಬರಲಿ" ಎಂದ ಮಾಬುಸಾಬರು ಅಮ್ಮನ ಕಡೆ ತಿರುಗಿ, "ಯಾ ಕಡಿ ಹೋಗೋಣ್ರಿ?" ಎಂದರು.

"ತಂಬ್ರಹಳ್ಳಿ ಕಡಿ" ಎಂದಳು ಅಮ್ಮ, ಥಟ್ಟನೆ.

ಜೀಪಿನಲ್ಲಿ ಮಾಬುಸಾಬರು, ಅಮ್ಮ, ನಾನು. ಹಿಂದೆ ಜೋಂಗಾದಲ್ಲಿ ಅಪ್ಪ. ದಾರಿಯ ಹಳ್ಳವನ್ನು ಜೀಪು ಆಡಿನಂತೆ ಹಾರಿ ದಾಟಿತು. ಜೋಂಗಾ ತನ್ನ ಭಾರಕ್ಕೆ ಉಸುಕಿನಲ್ಲಿ ಅರ್ಧ ಗಾಲಿ ಹೂತು ನಿಂತಿತು. ಮಾಬುಸಾಬರು ಹಗ್ಗ ಕಟ್ಟಿ ಜೀಪಿನಿಂದ ಎಳೆದರು. ಮೈಯೆಲ್ಲ ಉಸುಕಾದ ಅಪ್ಪ ನಗುತ್ತ, "ಮುಗೀತು ಬಿಡ್ರಿ, ಜೀಪೇ ನಮ್ದು" ಎಂದರು.

ಮಾಬುಸಾಬರು ನಗಲಿಲ್ಲ. ಜೀಪಿನ ಕಂಬಿ ಹಿಡಿದು, ಬೆನ್ನು ನೆಟ್ಟಗೆ ಮಾಡಲಾಗದೆ ನಿಂತಿದ್ದ ಅಮ್ಮನನ್ನು ನೋಡುತ್ತಿದ್ದರು. "ಇನ್ನ ಮುಂದ ಜೋಂಗಾದಾಗ ಕುಂದರ್ರಿ ಅಮ್ಮಾರ" ಎಂದರು.

ತಂಬ್ರಹಳ್ಳಿಯಲ್ಲಿ ಅಮ್ಮ ಯಾರ ಕೈಯನ್ನೂ ಹಿಡಿಯದೆ ಜೋಂಗಾದಿಂದ ಇಳಿದಳು. ಬಾಗಿಲಿಗೆ ಬಂದ ಅಜ್ಜಿ "ಬಂದ್ಯಾ ಮಗಳ" ಎಂದಷ್ಟೇ ಹೇಳಿ, ಅವಳ ಮುಖವನ್ನೆಲ್ಲ ಸವರಿದಳು.

ಅಂಗಳದಲ್ಲಿ ಮಾಬುಸಾಬರು ಅಪ್ಪನಿಗೆ ಹೇಳಿದರು: "ಜೋಂಗಾ ಪೆಟ್ರೋಲ್ ಭಾಳ ಕುಡಿತೈತಿ, ಉಸುಕಿನಾಗ ಸಿಗಿಬೀಳತೈತಿ, ಖರೆ. ಆದ್ರ ಉದ್ದ ಐತಿ, ಕುಲುಕು ಕಮ್ಮಿ. ನನ್ನ ಜೀಪು ಎಲ್ಲಿ ಬೇಕಾದ್ರೂ ದಾಟತೈತಿ. ಗಾಡಿ ದಾಟಿದ್ರ ಸಾಕೇನ್ರಿ? ಒಳಗ ಕುಂತೋರೂ ದಾಟಬೇಕಲ್ಲ. ನಾ ನಿಮಗ ಮಾರಂಗಿಲ್ಲ."

"ಮತ್ತ ನಿಮ್ಮ ಲೇತು?"

"ಲೇತು ಕಾಯತೈತಿ ರೀ. ಆ ಹಿರಿ ಜೀವ ಎಲ್ಲೀತನ ಕಾಯಬೇಕು?"

ಜೋಂಗಾ ಕೊಂಡೆವು. ಮಾಬುಸಾಬರು ಹಿಂದಿನ ಸೀಟಿಗೆ ತಾವೇ ನಿಂತು ದಪ್ಪ ಹತ್ತಿ ತುಂಬಿಸಿಕೊಟ್ಟರು. ಹಳ್ಳ ಬಂದಾಗಲೆಲ್ಲ ಅಪ್ಪ ಅವರನ್ನು ಬೈಯುತ್ತಲೇ ಇಳಿದು ಉಸುಕು ತೋಡುತ್ತಿದ್ದರು. ಅಜ್ಜಿ ಮತ್ತೆರಡು ವರ್ಷ ಬದುಕಿದಳು. ತವರಿಗೆ ಹೋಗುವುದನ್ನು ಅಮ್ಮ ಒಂದು ತಿಂಗಳೂ ತಪ್ಪಿಸಲಿಲ್ಲ.

ಆಮೇಲೆ ಅಪ್ಪನಿಗೆ ವರ್ಗವಾಯಿತು. ಮಾಬುಸಾಬರಿಗೆ ದಮ್ಮು ಹೆಚ್ಚಾಗಿದೆಯೆಂದು ಕೇಳಿ ಅಮ್ಮ ಹಟ ಹಿಡಿದು ಹೊರಟಳು. ಕಡೆಯ ಸಲ ಅವರನ್ನು ನೋಡಿದ್ದು ಆಗಲೇ, ಅವರ ಮನೆಯ ಹೊರಸಿನ ಮೇಲೆ. ಎದ್ದು ಕೂರಲೂ ಆಗುತ್ತಿರಲಿಲ್ಲ. ನಡುನಡುವೆ ಉಸಿರು ಹಿಡಿಯುತ್ತ ಕೇಳಿದರು: "ಈಗ ಸ್ವಂಟ ಹೆಂಗೈತ್ರಿ, ಅಮ್ಮಾರ?"

"ನೋವಿನ ಸುದ್ದೀನ ಇಲ್ರಿ ಅಣ್ಣಾರ" ಎಂದಳು ಅಮ್ಮ.

ಅವರ ಮುಖ ಅರಳಿತು.

ಹೊರಗೆ ಬಂದವಳು ಒಂದು ಕೈಯಿಂದ ಗೋಡೆ, ಇನ್ನೊಂದರಿಂದ ಸೊಂಟ ಹಿಡಿದು ನಿಂತಳು. ಅಪ್ಪ, ನಾನು ಇಬ್ಬರೂ ಸೇರಿ ಅವಳನ್ನು ಗಾಡಿಗೆ ಹತ್ತಿಸಿದೆವು.