ದೊಡ್ಡವರ ಮನೆಯ ಕಾರ್ಪೆಟ್ಟು

ಇವತ್ತು ಮಗಳನ್ನು ಕರೆದುಕೊಂಡು ಜಾರ್ಜ್‌ಟೌನ್‌ನಲ್ಲಿ ಮಾರಾಟಕ್ಕಿದ್ದ ಮನೆಯೊಂದನ್ನು ನೋಡಲು ಹೋದಾಗ, ಬಾಗಿಲಲ್ಲೇ ಹಳೆಯ ಕಾರ್ಪೆಟ್ಟಿನ ವಾಸನೆ ಮೂಗಿಗೆ ಬಡಿಯಿತು. ಥೂ! ಅದೇ ವಾಸನೆ.

ನಾನು ಚಿಕ್ಕವಳಿದ್ದಾಗ ನಾವು ಡಲ್ಲಾಸ್‌ನಲ್ಲಿದ್ದೆವು. ಹುಬ್ಬಳ್ಳಿಯಲ್ಲಿ ಸಿವಿಲ್ ಎಂಜಿನಿಯರ್ ಆಗಿದ್ದ ಅಪ್ಪ ಒಬ್ಬ ಪ್ರಸಿದ್ಧ ವಾಸ್ತುಶಿಲ್ಪಿಯನ್ನು ದೇವರಂತೆ ಕಾಣುತ್ತಿದ್ದ. ಆ ವಾಸ್ತುಶಿಲ್ಪಿ ಮರುಭೂಮಿಯಲ್ಲಿ ಕಟ್ಟಿಕೊಂಡಿದ್ದ, ಈಗ ಟಿಕೆಟ್ಟು ಕೊಂಡು ನೋಡಬಹುದಾದ ಮನೆ ತೋರಿಸಲು ಅಪ್ಪ ಎರಡು ದಿನ ಡ್ರೈವ್ ಮಾಡಿ ನಮ್ಮನ್ನು ಕರೆದೊಯ್ದ.

"ದೊಡ್ಡವರ ಮನಿ ಇದು. ಬೂಟ ಕಳೀರಿ" ಎಂದು ಹೊಸ್ತಿಲಲ್ಲೇ ಅಪ್ಪನ ಅಪ್ಪಣೆಯಾಯಿತು. ಬೇಕಿಲ್ಲವೆಂದು ಗೈಡ್ ನಕ್ಕರೂ ಕೇಳಲಿಲ್ಲ. ಊರವರೆಲ್ಲ ಬೂಟುಗಾಲಲ್ಲಿ ತುಳಿದ, ಮುಗ್ಗಲು ವಾಸನೆಯ ಕಾರ್ಪೆಟ್ಟಿನ ಮೇಲೆ ನಾವು ಮೂವರೇ ಬರಿಗಾಲಲ್ಲಿ ನಡೆದೆವು. ಅಮ್ಮನ ಕೈಯ ಪ್ಲಾಸ್ಟಿಕ್ ಚೀಲದಲ್ಲಿ ಅಪ್ಪನ ಕಾಲುಚೀಲ ನಾರುತ್ತಿತ್ತು. ಅಷ್ಟರಲ್ಲಿ ಯಾರೋ ಉಗುಳಿದ್ದ ಚೂಯಿಂಗ್ ಗಮ್ ನನ್ನ ಹೆಬ್ಬೆರಳ ಸಂದಿಗೆ ಮೆತ್ತಿಕೊಂಡಿತು, ಇನ್ನೂ ಹಸಿಯಾಗಿಯೇ.

"ಯಕ್! ಡಿಸ್ಗಸ್ಟಿಂಗ್!" ಎಂದು ಚೀರಿದೆ.

"ಸುಮ್ಮನಿರು. ಗುಡಿಯೊಳಗ ಹಿಂಗ ಚೀರ್ತಾರೇನು?" ಎಂದು ಗದರಿದ ಅಮ್ಮ ಟಿಕೆಟ್ಟಿನಿಂದ ಅದನ್ನು ಕೆರೆದು ತೆಗೆದಳು. ಅಪ್ಪ ಕಲ್ಲುಗೋಡೆಗೆ ಅಂಗೈ ಊರಿ ಕಣ್ಣು ಮುಚ್ಚಿ ನಿಂತಿದ್ದ. ಆ ಮನೆಯ ಚಾವಣಿ, ಬೆಳಕು ಯಾವುದೂ ನನಗೆ ನೆನಪಿಲ್ಲ. ಆ ಅಂಟು ಮಾತ್ರ ಇನ್ನೂ ಬೆರಳಲ್ಲಿದೆ.

"ಅಮ್ಮಾ, ಇಯೂ! ವೈ?" ಎಂದು ಮಗಳು ಈಗ ಪಕ್ಕದಲ್ಲಿ ಮುಖ ಸಿಂಡರಿಸಿದಳು. ನೋಡಿದರೆ, ನನ್ನ ಚಪ್ಪಲಿ ಆಗಲೇ ಕೈಯಲ್ಲಿತ್ತು.