ಬುರ್ಗಿಯ ಅಂಗಡಿಯಿಂದ ಬೈಸಿಕೊಂಡು ಬಂದವರು

ಬುರ್ಗಿಯನ್ನು ಕಂಡರೆ ನನಗೆ ಆಗದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಾನು ಅವಳನ್ನು ಹೊಗಳಿದೆ ಎಂದು ಯಾರೂ ತಪ್ಪು ತಿಳಿಯಬಾರದು. ಒಂದೇ ಶಾಲೆಯಲ್ಲಿ ಓದಿದೆವು, ಒಂದೇ ಬೆಂಚಿನಲ್ಲಿ ಕೂತೆವು, ಈಗ ಒಂದೇ ಓಣಿಯಲ್ಲಿ ಸಾಯುತ್ತಿದ್ದೇವೆ. ನಮ್ಮೂರು ಕಾರ್‌ಬಾಖ್‌ನಲ್ಲಿ ಜನರನ್ನು ಬೆಟ್ಟಕ್ಕೆ ಹತ್ತಿಸುವ ಲಿಫ್ಟ್ ನಿಲ್ದಾಣದ ಕೆಳಗೆ ಎಡಗಡೆ ಅವಳ ಸ್ಕೀ ಅಂಗಡಿ, ಬಲಗಡೆ ನನ್ನದು. ನಡುವೆ ಆರು ಹೆಜ್ಜೆ. ಚಳಿಗಾಲದ ನಾಲ್ಕು ತಿಂಗಳು ಇಬ್ಬರೂ ಗಿರಾಕಿಗಳಿಗೆ ಬೂಟು, ಹಿಮದ ಮೇಲೆ ಜಾರುವ ಹಲಗೆ, ಕೋಲು ಬಾಡಿಗೆಗೆ ಕೊಡುತ್ತೇವೆ. ಉಳಿದ ಎಂಟು ತಿಂಗಳು ಒಬ್ಬರ ಮುಖ ಒಬ್ಬರು ನೋಡದ ಹಾಗೆ ಓಡಾಡುತ್ತೇವೆ.

ಅವಳ ಪೂರ್ತಿ ಹೆಸರು ನೋಟ್‌ಬುರ್ಗಾ. ನಮ್ಮ ಟಿರೋಲ್ ಬೆಟ್ಟಸೀಮೆಯಲ್ಲಿ ಬಡವರಿಗೆ ಊಟ ಹಾಕಿದ ಸಂತ ಮಹಿಳೆಯೊಬ್ಬಳ ಹೆಸರು ಅದು. ಇವಳು ಗಿರಾಕಿಗೆ ಒಂದು ಲೋಟ ನೀರು ಕೊಟ್ಟಿದ್ದನ್ನು ಕಂಡವರಿಲ್ಲ. ಇವಳ ಅಪ್ಪ ಲಿಫ್ಟ್‌ನಲ್ಲಿ ಕುರ್ಚಿ ಹಿಡಿದು ಜನರನ್ನು ಕೂರಿಸುವ ಕೆಲಸದವನು. ಹದಿನೇಳನೇ ವಯಸ್ಸಿಗೆ ಇವಳು ಸೋದರಮಾವನ ಅಂಗಡಿ ಸೇರಿದಳು. ಮಾವ ಸತ್ತಾಗ ಅಂಗಡಿ ಅವಳದಾಯಿತು. ನಡುವೆ ಕೊರ್ಬಿನಿಯನ್ ಎಂಬ ಸ್ಕೀ ಮೇಷ್ಟ್ರನ್ನು ಮದುವೆಯಾದಳು. ಆರು ವರ್ಷಕ್ಕೆ ಅವನು ಬಿಟ್ಟುಹೋದ. ಹೋಟೆಲಿಗೆ ಬಂದಿದ್ದ ಯಾವಳೋ ಒಬ್ಬಳ ಹಿಂದೆ ಹೋದ ಎಂದು ಊರು ಹೇಳುತ್ತದೆ. ನಾನು ಹೇಳುವುದೇ ಬೇರೆ: ದಿನಾ ಬೆಳಗ್ಗೆ ಕಾಫಿಯ ಜೊತೆ ಸತ್ಯ ಕೇಳಿಸಿಕೊಂಡು ಬದುಕುವ ಗಂಡಸು ಇನ್ನೂ ಹುಟ್ಟಿಲ್ಲ.

ಅವಳ ಬಾಯಿ ಹೀಗಾಗಲು ಏನೋ ದುಃಖದ ಕಾರಣ ಇದೆ ಎಂದು ಕೆಲವರು ಕಥೆ ಕಟ್ಟಿದ್ದಾರೆ. ತಮ್ಮ ಬಿದ್ದು ಕಾಲು ಕಳೆದುಕೊಂಡನಂತೆ, ಅಂದಿನಿಂದ ಹೀಗಂತೆ. ಶುದ್ಧ ಸುಳ್ಳು. ಆ ತಮ್ಮ ತನ್ನ ಎರಡು ಕಾಲೂ ಗಟ್ಟಿಯಾಗಿಟ್ಟುಕೊಂಡು ಹಿಮ ಸಮ ಮಾಡುವ ಗಾಡಿ ಓಡಿಸುತ್ತಾನೆ. ಅವಳು ಒಂದನೇ ತರಗತಿಯಿಂದಲೇ ಹೀಗೆ. ನನ್ನ ಜಡೆ ಇಲಿಬಾಲದ ಹಾಗಿದೆ ಎಂದು ಮೊದಲ ದಿನವೇ ಹೇಳಿದ್ದಳು.

ಅವಳ ಅಂಗಡಿಯ ಬಾಗಿಲಲ್ಲೇ ಆಲೂಗಡ್ಡೆ ಮೂಟೆ ತೂಗುವ ಹಳೆಯ ಕಬ್ಬಿಣದ ತಕ್ಕಡಿ ಇದೆ. ಬಂದವರೆಲ್ಲ ಅದರ ಮೇಲೆ ನಿಲ್ಲಬೇಕು. ಬೂಟನ್ನು ಹಲಗೆಗೆ ಹಿಡಿದಿಡುವ ಕೊಂಡಿ ಎಷ್ಟು ಬಿಗಿ ಇರಬೇಕು ಎನ್ನುವುದು ಗಿರಾಕಿಯ ತೂಕದ ಮೇಲೆ, ವಯಸ್ಸಿನ ಮೇಲೆ, ಅವನ ಆಟದ ಪಳಗಿಕೆಯ ಮೇಲೆ ನಿಂತಿದೆ. ಬಿದ್ದ ಕೂಡಲೇ ಆ ಕೊಂಡಿ ಕಾಲನ್ನು ಬಿಟ್ಟುಬಿಡಬೇಕು. ಬಿಡದಿದ್ದರೆ ಹಲಗೆ ತಿರುಗಿದ ಕಡೆಗೆ ಮಂಡಿಯೂ ತಿರುಗುತ್ತದೆ. ಇದು ನಮ್ಮ ಊರಿನ ಬೆಕ್ಕಿಗೂ ಗೊತ್ತು. ಆದರೆ ಗಿರಾಕಿ ನಿಜ ಹೇಳಬೇಕಲ್ಲ! ಹೆಂಗಸರು ತೂಕ ಇಳಿಸಿ ಹೇಳುತ್ತಾರೆ, ಗಂಡಸರು ಆಟ ಏರಿಸಿ ಹೇಳುತ್ತಾರೆ. ಚೀಟಿಯಲ್ಲಿ ಮೂರು ಚೌಕ ಇರುತ್ತವೆ. ಹೆದರಿಕೊಂಡು ಮೆಲ್ಲಗೆ ಇಳಿಯುವವರು ಒಂದು, ನಡುವಿನವರು ಎರಡು, ಕಡಿದಾದ ಕಡೆ ಜೋರಾಗಿ ಇಳಿಯುವವರು ಮೂರು. ಮೂರಕ್ಕೆ ಕೊಂಡಿ ಎಲ್ಲಕ್ಕಿಂತ ಬಿಗಿ. ಬಯಲುಸೀಮೆಯಿಂದ ಬಂದ ಗಂಡಸರೆಲ್ಲ ಹುಟ್ಟುವಾಗಲೇ ಮೂರು.

ಬುರ್ಗಿ ಇವರ ಮಾತು ನಂಬುವವಳಲ್ಲ. ತಕ್ಕಡಿಯ ಮುಳ್ಳು ನೋಡಿ ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ: “ಎಪ್ಪತ್ತೆಂಟು! ಅರವತ್ತೈದು ಅಂದ್ಯಲ್ಲಮ್ಮ, ಮಿಕ್ಕ ಹದಿಮೂರು ಕಿಲೋ ಯಾರದು?” ಆಮೇಲೆ ಬೂಟು ಮುಂದಿಟ್ಟು ಕೈಕಟ್ಟಿ ನಿಲ್ಲುತ್ತಾಳೆ. ಸಹಾಯ ಮಾಡುವುದಿಲ್ಲ. ಆಟ ಬಲ್ಲವನು ಬೂಟಿನ ನಾಲಿಗೆ ಎಳೆದು ಎರಡೇ ಏಟಿಗೆ ಕಾಲು ತೂರಿಸುತ್ತಾನೆ. ಬಾರದವನು ಬೆವರು ಸುರಿಸಿ ಬೆಂಚು ಹಿಡಿದು ಒದ್ದಾಡುತ್ತಾನೆ. “ಇಪ್ಪತ್ತು ವರ್ಷದ ಅನುಭವ ಅಂದೆ. ಇಪ್ಪತ್ತು ವರ್ಷದಿಂದ ಈ ಒಂದು ಬೂಟೇ ಹಾಕ್ಕೋತಿದ್ದೀಯೇನು?” ಎನ್ನುತ್ತಾಳೆ. ಎತ್ತರದ ಊರುಗಳಲ್ಲಿ ಎಲ್ಲರನ್ನೂ ‘ನೀನು’ ಎನ್ನುವುದು ನಮ್ಮಲ್ಲಿ ರೂಢಿಯೇ. ಆದರೂ ಅವಳ ಬಾಯಲ್ಲಿ ಅದು ಕಪಾಳಕ್ಕೆ ಹೊಡೆದ ಹಾಗಿರುತ್ತದೆ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅವಳಿಗೆ ಒದೆಯುವುದು ಇಂಟರ್ನೆಟ್‌ನಲ್ಲಿ. ನಾನು ಬೆಳಗಿನ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ ಆ ಬೈಗುಳಗಳನ್ನು ಒಂದೊಂದಾಗಿ ಓದುತ್ತಿದ್ದೆ. “ಹೆಂಡತಿಯ ಎದುರಿಗೆ ನನ್ನನ್ನು ಮರದ ದಿಮ್ಮಿ ಎಂದಳು. ಒಂದು ನಕ್ಷತ್ರ.” “ನಮ್ಮ ರಜೆಯೇ ಹಾಳಾಯಿತು. ಬೂಟು ಮಾತ್ರ ಸರಿಯಾಗಿತ್ತು. ಒಂದು ನಕ್ಷತ್ರ.” “ಈ ಹೆಂಗಸನ್ನು ಯಾರಾದರೂ ಹೊರಗಟ್ಟಿ. ಎದುರಿನ ಅಂಗಡಿಯ ಆಫ್ರಾ ಎಷ್ಟು ಒಳ್ಳೆಯವಳು!”

ಆ ಆಫ್ರಾ ನಾನೇ. ಬುರ್ಗಿ ಬೈದು ಓಡಿಸಿದವರೇ ನನ್ನ ಅನ್ನ. ಕೆಂಪು ಮುಖ ಮಾಡಿಕೊಂಡು ಓಣಿ ದಾಟಿ ಬರುತ್ತಾರೆ. ನಾನು ಕೂರಿಸಿ, ಬಿಸಿ ಚಹಾ ಕೊಟ್ಟು, “ಅವಳ ಮಾತು ಮನಸ್ಸಿಗೆ ಹಚ್ಕೋಬೇಡಿ” ಎನ್ನುತ್ತೇನೆ. ತೂಕ ಕೇಳುತ್ತೇನೆ. ಹೇಳಿದ್ದನ್ನು ಬರೆಯುತ್ತೇನೆ. ಸಹಿ ಹಾಕಿಸುತ್ತೇನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಪ್ರವಾಸಿ ಕಚೇರಿಯವರು ವರ್ಷಕ್ಕೊಮ್ಮೆ ಅಂಗಡಿಯವರಿಗೆಲ್ಲ ನಗುವುದು ಹೇಗೆ ಎಂದು ಪಾಠ ಮಾಡುತ್ತಾರೆ. ಗಿರಾಕಿಯೇ ರಾಜ ಎಂದು ಪಾಠ ಹೇಳಲು ಬಂದ ಹುಡುಗಿ ಹೇಳಿದಾಗ ಬುರ್ಗಿ ಹಿಂದಿನ ಸಾಲಿನಿಂದ, “ರಾಜನಾದ್ರೆ ಕುದುರೆ ಮೇಲೆ ಹೋಗ್ಲಿ. ಹಲಗೆ ಮೇಲೆ ಯಾಕೆ ಹತ್ತಿಸ್ತೀಯ?” ಎಂದು ಎದ್ದು ಹೋದಳು. ಒಳ್ಳೆಯ ಆತಿಥ್ಯದ ಫಲಕ ಏಳು ವರ್ಷ ನನಗೇ ಬಂತು. ಅದನ್ನು ಅವಳ ಬಾಗಿಲಿಗೆ ನೇರವಾಗಿ ಕಾಣುವ ಹಾಗೆ ತೂಗುಹಾಕಿದ್ದೆ. ಬೇಕೆಂದೇ ಹಾಕಿದ್ದೆ.

ಕಳೆದ ವರ್ಷ ಫೆಬ್ರವರಿಯಲ್ಲಿ ಬ್ರೋಡರ್ಸನ್ ದಂಪತಿ ಬಂದರು. ಉತ್ತರದ ಸಮುದ್ರತೀರದವರು. ಗಂಡ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಹೆಂಡತಿ ಗೇಸಾ, ಐವತ್ತು ದಾಟಿದವಳು, ಬೇಕರಿಯಲ್ಲಿ ಕೆಲಸ ಮಾಡುವವಳು. ಮೊದಲು ಎಡಗಡೆಗೇ ಹೋದರು. ನಾನು ಎಂದಿನಂತೆ ಕಿಟಕಿ ಒರೆಸುವ ನೆಪದಲ್ಲಿ ಬಾಗಿಲಲ್ಲಿ ನಿಂತೆ.

“ಇವಳಿಗೂ ಮೂರು ಬರೀರಿ” ಎಂದ ಗಂಡ.

“ನಿನ್ನ ಕಾಲಿನ ವಿಷಯ ನೀನು ಹೇಳು” ಎಂದಳು ಬುರ್ಗಿ. “ಅವಳ ಕಾಲಿಗೆ ಅವಳದೇ ಬಾಯಿದೆ.”

ಹೆಂಡತಿ ಏನೋ ಮೆತ್ತಗೆ ಹೇಳಿದಳು, ನನಗೆ ಕೇಳಲಿಲ್ಲ. ಬುರ್ಗಿ ಚೀಟಿಯಲ್ಲಿ ಗೀಚಿದ್ದು ಕಂಡಿತು. ಗಂಡ ರೇಗಿದ. ಇಂಥ ಅಂಗಡಿ ಜನ್ಮದಲ್ಲಿ ನೋಡಿಲ್ಲ ಎಂದ. “ನೋಡಿದ್ಯಲ್ಲ, ಈಗ ಹೊರಡು” ಎಂದಳು ಬುರ್ಗಿ. ಅವನು ಹೆಂಡತಿಯ ತೋಳು ಹಿಡಿದುಕೊಂಡು ಆರು ಹೆಜ್ಜೆ ದಾಟಿ ನನ್ನ ಹತ್ತಿರ ಬಂದ. ನನಗೆ ಎಷ್ಟು ಖುಷಿಯಾಯಿತೆಂದರೆ ಚಹಾಕ್ಕೆ ಎರಡು ಚಮಚ ಸಕ್ಕರೆ ಹೆಚ್ಚೇ ಹಾಕಿದೆ.

“ನೀವು ಮನುಷ್ಯರ ಹಾಗೆ ಮಾತಾಡ್ತೀರಿ” ಎಂದ ಗಂಡ. ಆ ಮಾತಿಗೆ ನಾನು ಉಬ್ಬಿಹೋದೆ. ಅವನು ಮೂಲೆಯಲ್ಲಿ ಹಿಮದ ಕನ್ನಡಕಗಳನ್ನು ಹಾಕಿ ನೋಡುತ್ತಿದ್ದಾಗ ನಾನು ಗೇಸಾಳ ಕಾಲಿಗೆ ಬೂಟು ಹಾಕುತ್ತಿದ್ದೆ. ಅವಳಿಂದ ಕಾಲು ಒಳಗೆ ತೂರಿಸಲಾಗಲಿಲ್ಲ. ನಾನೇ ತಳ್ಳಿದೆ.

ಅವಳು ಬಗ್ಗಿ ಹೇಳಿದಳು: “ನಾನು ಹಲಗೆ ಮೇಲೆ ನಿಂತು ಇಪ್ಪತ್ತು ವರ್ಷ ಆಯ್ತು. ಒಂದು ಅಂತ ಹಾಕ್ರಿ.”

ಇದನ್ನು ನಾನು ಕೇಳಿಸಿಕೊಂಡೆ. ಚೆನ್ನಾಗಿಯೇ ಕೇಳಿಸಿಕೊಂಡೆ.

“ಮೈ ಮರೆಯೋಲ್ಲ ಬಿಡಿ, ಎರಡು ಸಲ ಇಳಿದರೆ ಎಲ್ಲ ನೆನಪಾಗುತ್ತೆ” ಎಂದೆ. ಅಷ್ಟರಲ್ಲಿ ಗಂಡ ಬಂದ. “ಬರೆದ್ರಾ? ಇಬ್ಬರಿಗೂ ಮೂರು.” ಅವಳು ನನ್ನ ಮುಖ ನೋಡಿದಳು. ಒಂದು ಎಂದು ಬರೆದಿದ್ದರೆ ಅವನು ಮತ್ತೆ ಬಾಗಿಲು ದಾಟುತ್ತಿದ್ದ. ಅವನು ಹೋಗುವುದನ್ನು ನೋಡಿ ಬುರ್ಗಿ ತನ್ನ ಹೊಸ್ತಿಲಲ್ಲಿ ನಿಂತು ನಗುತ್ತಿದ್ದಳು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ನಾನು ಮೂರು ಎಂದು ಬರೆದೆ. ಅವಳು ಸಹಿ ಹಾಕಿದಳು. ಕೊಂಡಿಯ ತಿರುಪು ಬಿಗಿ ಮಾಡಿ ಹಲಗೆ ಕೈಗೆ ಕೊಟ್ಟೆ.

ಮಧ್ಯಾಹ್ನ ಬ್ರೆಡ್ಡಿನ ಉಂಡೆ ಹಾಕಿದ ಸಾರು ಕುಡಿಯುತ್ತಿದ್ದೆ. ರಕ್ಷಣಾ ದಳದವರು ಜಾರುಬಂಡಿಯಲ್ಲಿ ಯಾರನ್ನೋ ಕಟ್ಟಿಕೊಂಡು ತಂದರು. ಗೇಸಾ. ನಡು ನಿಲ್ದಾಣದ ಕೆಳಗಿನ ಇಳಿಜಾರಿನಲ್ಲಿ ಮೆಲ್ಲಗೇ ಬಿದ್ದಳಂತೆ. ಮೆಲ್ಲಗೆ ಬಿದ್ದಾಗಲೇ ಬಿಗಿ ಕೊಂಡಿ ಬಿಡುವುದಿಲ್ಲ. ಹಲಗೆ ಕಾಲಿಗೆ ಅಂಟಿಕೊಂಡೇ ಇತ್ತಂತೆ. ಮಂಡಿಯೊಳಗಿನದೆಲ್ಲ ಹರಿದಿತ್ತು.

ಬೇಸಿಗೆಯಲ್ಲಿ ನನಗೆ ಕೋರ್ಟಿನ ಕಾಗದ ಬಂತು: ಗೇಸಾ ಪರಿಹಾರ ಕೇಳಿ ದಾವೆ ಹೂಡಿದ್ದಳು. ಎರಡು ಶಸ್ತ್ರಚಿಕಿತ್ಸೆ ಆಗಿದೆ, ಮಂಡಿ ಮಡಚುವುದಿಲ್ಲ, ದಿನವಿಡೀ ನಿಂತು ಮಾಡುವ ಬೇಕರಿಯ ಕೆಲಸ ಹೋಗಿದೆ. ಹೆಂಡತಿಗೆ ಎರಡು ಬರೆಯಿರಿ ಎಂದು ತಾನು ಹೇಳಿದ್ದೆ, ಅಂಗಡಿಯವಳೇ ಮೂರು ಎಂದು ಬರೆದಳು ಎಂದು ಗಂಡ ಹೇಳಿಕೆ ಕೊಟ್ಟಿದ್ದ. ಎಂಥ ಸುಳ್ಳ! ನನ್ನ ನಿದ್ದೆ ಕೆಟ್ಟಿತು. ಸೋತರೆ ಅಂಗಡಿಯೂ ಹೋಗುತ್ತಿತ್ತು, ಮೂವತ್ತು ವರ್ಷದ ಹೆಸರೂ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದು: ಅಂದು ಬೆಳಗ್ಗೆ ಅವರು ಮೊದಲು ಹೋಗಿದ್ದು ಎದುರಿನ ಅಂಗಡಿಗೆ ಎಂದು ನನ್ನ ವಕೀಲನಿಗೆ ತಿಳಿದು, ಅವನು ಬುರ್ಗಿಯನ್ನೇ ಸಾಕ್ಷಿಗೆ ಕರೆಸಿದ.

ನನ್ನನ್ನು ಮುಗಿಸಲು ಅವಳಿಗೆ ಇದಕ್ಕಿಂತ ಒಳ್ಳೆಯ ದಿನ ಸಿಗುತ್ತಿರಲಿಲ್ಲ. ಬ್ರೋಡರ್ಸನ್ ಏನು ಹೇಳಿದ ಎಂದು ನೆನಪಿಲ್ಲ ಎಂದಿದ್ದರೆ ಸಾಕಿತ್ತು. ಕೆಳಗಿನ ಪಟ್ಟಣದ ಆ ಸಣ್ಣ ಕೋಣೆಯಲ್ಲಿ ಅವಳು ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು ನಿಂತಳು. ನನ್ನತ್ತ ನೋಡಲೇ ಇಲ್ಲ.

“ಅವನು ಮೂರು ಅಂದ” ಎಂದಳು ನ್ಯಾಯಾಧೀಶೆಗೆ. “ಎರಡು ಸಲ ಅಂದ. ಅವಳನ್ನ ಕೇಳ್ದೆ. ಇಪ್ಪತ್ತು ವರ್ಷ ಆಯ್ತು ಅಂದ್ಲು. ನಾನು ಒಂದು ಅಂತ ಬರೆದೆ. ಅವನಿಗೆ ಸಿಟ್ಟು ಬಂತು, ಎಳ್ಕೊಂಡು ಹೋದ.” ತನ್ನ ಹಳೆಯ ಚೀಟಿಯನ್ನು ಮೇಜಿನ ಮೇಲಿಟ್ಟಳು. ಒಂದು ಎಂದು ಬರೆದು, ಮೇಲೆ ಅಡ್ಡಗೆರೆ ಎಳೆದದ್ದು.

ಬ್ರೋಡರ್ಸನ್‌ನ ಕಿವಿ ಕೆಂಪಾಯಿತು. ಅವನ ಸುಳ್ಳು ಅಲ್ಲೇ ಮುರಿದುಬಿತ್ತು. ನನಗೆ ಉಸಿರು ಬಂತು.

ಆಗ ನ್ಯಾಯಾಧೀಶೆ ನನ್ನ ಕಡೆ ತಿರುಗಿದರು. “ನಿಮ್ಮ ಅಂಗಡಿಯಲ್ಲೂ ಆಕೆ ಹಾಗೆ ಹೇಳಿದರೇ?”

ಗೇಸಾ ಊರುಗೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಂಗಡಿಯಲ್ಲಿ ನೋಡಿದ ಹಾಗೆಯೇ ನನ್ನನ್ನು ನೋಡಿದಳು. ಹೌದು ಎಂಬುದು ಎರಡಕ್ಷರ. ನನ್ನ ಬಾಯಿಗೆ ಅದು ಬಂದಿತ್ತು ಎಂದು ಹೇಳಿದರೆ ಅದೂ ಸುಳ್ಳೇ.

“ಇಲ್ಲ. ಆಕೆ ಏನೂ ಹೇಳಲಿಲ್ಲ.”

ನ್ಯಾಯಾಧೀಶೆ ಗೇಸಾಳನ್ನೇ ಕೇಳಿದರು. ಹೇಳಿದೆ ಎಂದರೆ ನನ್ನ ಅಂಗಡಿ ಮುಳುಗುತ್ತಿತ್ತು. ಆದರೆ ಹೇಳಿದೆ ಎಂದರೆ, ಗಂಡ ಬೇಕೆಂದೇ ಅವಳ ಮಾತು ಮೆಟ್ಟಿದ, ಕೋರ್ಟಿಗೂ ಸುಳ್ಳು ಹೇಳಿದ ಎಂದು ಅವಳ ಬಾಯಿಂದಲೇ ಬಂದಂತಾಗುತ್ತಿತ್ತು. ಗಂಡ ಅವಳ ಕಡೆ ನೋಡುತ್ತಿದ್ದ. ನಾನೂ ನೋಡುತ್ತಿದ್ದೆ. ಅವನಿಗೂ ನನಗೂ ಬೇಕಾಗಿದ್ದ ಉತ್ತರ ಒಂದೇ.

“ನನಗೆ ನೆನಪಿಲ್ಲ” ಎಂದಳು ಗೇಸಾ.

ದಾವೆ ವಜಾ ಆಯಿತು. ವಕೀಲ ನನ್ನ ಕೈ ಕುಲುಕಿದ. ಬ್ರೋಡರ್ಸನ್ ಮುಂದೆ ಮುಂದೆ ನಡೆದ. ಗೇಸಾ ಮೆಟ್ಟಿಲ ಮೇಲೆ ಒಂದೊಂದೇ ಕಾಲು ಇಡುತ್ತ ಇಳಿದಳು. ಬುರ್ಗಿ ಅವಳ ಪಕ್ಕದಲ್ಲಿ ಕೊನೆಯ ಮೆಟ್ಟಿಲವರೆಗೂ ನಡೆದಳು. ಕೈ ಹಿಡಿಯಲಿಲ್ಲ. ಬೀಳುವಂತಾದರೆ ಸಿಗಲಿ ಎಂಬಷ್ಟು ಹತ್ತಿರ ಇದ್ದಳು.

ನಮ್ಮ ಕಣಿವೆಗೆ ಹೋಗುವುದು ಮಧ್ಯಾಹ್ನ ಒಂದೇ ಬಸ್ಸು. ಖಾಲಿ ಬಸ್ಸಿನಲ್ಲಿ ನಾವಿಬ್ಬರೇ. ಅವಳು ಮುಂದೆ ಕೂತಳು, ನಾನು ಹಿಂದಿನ ಸೀಟಿನಲ್ಲಿ ಕೂತೆ. ಅವಳು ಈಗ ಬೈಯುತ್ತಾಳೆ, ಆಗ ಬೈಯುತ್ತಾಳೆ ಎಂದು ಕಾದೆ. ಅವಳು ಬೈದರೆ ನಾನೂ ಬೈಯಬಹುದಿತ್ತು; ಎದೆ ಹಗುರಾಗುತ್ತಿತ್ತು. ಐದು ತಿರುವು ಕಳೆದವು. ಕೊನೆಗೆ ನನಗೇ ತಡೆಯಲಾಗಲಿಲ್ಲ.

“ಏನಾದ್ರೂ ಅನ್ನೇ. ಗಿರಾಕಿಗಳಿಗೆಲ್ಲ ಬೈಯೋಕೆ ಬರುತ್ತೆ, ನನಗೆ ಬೈಯೋಕೆ ಬಾಯಿ ಬಿದ್ದುಹೋಯ್ತಾ?”

“ನನ್ನ ಹತ್ರ ಹೇಳಿದವಳು ನಿನ್ನ ಹತ್ರ ಹೇಳ್ದೆ ಇರ್ತಾಳೇನೆ, ಆಫ್ರಾ?”

ನಾನು ಸೀಟಿನ ಕಂಬಿ ಹಿಡಿದುಕೊಂಡೆ. “ಹೇಳಿದ್ಲು” ಎಂದೆ. ಕೋರ್ಟಿನಲ್ಲಿ ಬಾರದ ಮಾತು ಬಸ್ಸಿನಲ್ಲಿ ಬಂತು.

“ಗೊತ್ತು.”

“ಗೊತ್ತಿದ್ರೆ ಬೈಯೇ! ಸುಮ್ನೆ ಯಾಕೆ ಕೂತಿದ್ದೀಯ?”

ಅವಳು ತಿರುಗಿ ನನ್ನನ್ನು ನೋಡಿದಳು. ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

“ಗಿರಾಕಿಗೆ ಬೈದ್ರೆ ಒಂದು ಕಾಲಾದ್ರೂ ಉಳಿಯುತ್ತೆ ಕಣೇ” ಎಂದಳು. “ನಿನಗೆ ಬೈದ್ರೆ ಏನು ಉಳಿಯುತ್ತೆ?”

ಆಮೇಲೆ ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಊರು ಬರುವವರೆಗೂ ನಾನು ಅವಳ ಕೋಟಿನ ಬೆನ್ನನ್ನೇ ನೋಡುತ್ತ ಕೂತಿದ್ದೆ.